ಕಪ್ಪು ಬಟ್ಟೆ ತೊಟ್ಟರೆ ಮೈಗೆ ಹೆಚ್ಚು ಬಿಸಿಲು ಸಿಗುತ್ತದೆಯೇ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡಿರುವುದು ಹೀಗೆ. ದಿನವೂ ಬೆಳಿಗ್ಗೆ ಆರೂವರೆಯಿಂದ ಏಳೂವರೆಯವರೆಗೆ ಕಬ್ಬನ್ ಪಾರ್ಕಿನಲ್ಲಿ ತುಂಬುತೋಳಿನ ಬಿಳಿ ಹತ್ತಿಯಂಗಿ, ಉದ್ದ ಪ್ಯಾಂಟು ತೊಟ್ಟು ನಡೆಯುತ್ತೀರಿ. ಆದರೂ ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಎಂದು ಬಂದಿದೆ. ಬಿಳಿ ಬಣ್ಣ ಬಿಸಿಲನ್ನು ಪ್ರತಿಫಲಿಸುತ್ತದೆ, ಕಪ್ಪು ಹೀರಿಕೊಳ್ಳುತ್ತದೆ ಎಂದು ಶಾಲೆಯಲ್ಲಿ ಓದಿದ್ದು ನೆನಪಿರುವುದರಿಂದ, ಕಪ್ಪು ಬಟ್ಟೆ ಹಾಕಿಕೊಂಡರೆ ಮೈಗೆ ಹೆಚ್ಚು ಬಿಸಿಲು ಸೇರಬಹುದೇ ಎಂದು ಕೇಳಿದ್ದೀರಿ. ಸೇರುವುದಿಲ್ಲ. ಕಪ್ಪು ಬಟ್ಟೆ ಹೀರಿಕೊಂಡ ಬಿಸಿಲು ಬಟ್ಟೆಯಲ್ಲೇ ಶಾಖವಾಗಿ ಮುಗಿದುಹೋಗುತ್ತದೆ. ಆ ಶಾಖದ ಒಂದಂಶ ಚರ್ಮಕ್ಕೆ ದಾಟಬಹುದು, ಆದರೆ ವಿಟಮಿನ್ ಡಿ ತಯಾರಾಗುವುದು ಶಾಖದಿಂದಲ್ಲವಾದ್ದರಿಂದ ಅದು ನಿಮ್ಮ ಉದ್ದೇಶಕ್ಕೆ ಒದಗುವುದಿಲ್ಲ. ನಿಮ್ಮ ದಿನಚರಿಯಲ್ಲಿ ಅಡ್ಡಿಯಾಗಿರುವುದು ಅಂಗಿಯ ಬಣ್ಣಕ್ಕಿಂತ ಅದು ಮುಚ್ಚಿರುವ ಮೈಯ ವಿಸ್ತಾರ, ಮತ್ತು ಅದಕ್ಕಿಂತಲೂ ಹೆಚ್ಚಾಗಿ ನೀವು ಆರಿಸಿಕೊಂಡ ಹೊತ್ತು.

ನಾನು ವೈದ್ಯನಲ್ಲ. ಪೀಣ್ಯದ ಉಡುಪು ಕಾರ್ಖಾನೆಗಳಿಗೆ ಬಟ್ಟೆ ಪರೀಕ್ಷಿಸಿಕೊಡುವ ಪ್ರಯೋಗಾಲಯವೊಂದರಲ್ಲಿ ಬಹುಕಾಲ ಕೆಲಸ ಮಾಡಿದವನು. ಆದ್ದರಿಂದ ಗುಳಿಗೆಯ ಪ್ರಮಾಣ ಮುಂತಾದುದನ್ನು ನಿಮ್ಮ ವೈದ್ಯರಿಗೇ ಬಿಟ್ಟು, ಬಟ್ಟೆಯನ್ನು ದಾಟಿ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದನ್ನು ಮಾತ್ರ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೆಲ ಮುಟ್ಟುವ ಬಿಸಿಲಿನ ಶಕ್ತಿಯಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಪಾಲು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳದು. ಶೇಕಡಾ 40ಕ್ಕೆ ಸ್ವಲ್ಪ ಮೇಲ್ಪಟ್ಟ ಪಾಲು ಕಾಣುವ ಬೆಳಕಿನದು. ಉಳಿದ ಸುಮಾರು ಶೇಕಡಾ 5 ಮಾತ್ರ ಅತಿನೇರಳೆ ಕಿರಣಗಳದು. ಈ ಅತಿನೇರಳೆಯೊಳಗೂ ಸುಮಾರು ಶೇಕಡಾ 95ರಷ್ಟು ಯುವಿ-ಎ ಎನ್ನುವ, 315ರಿಂದ 400 ನ್ಯಾನೋಮೀಟರ್ ತರಂಗದೂರದ ಕಿರಣಗಳು. ಅದಕ್ಕಿಂತ ಕಿರಿದಾದ ಯುವಿ-ಬಿ ಉಳಿದ ಸಣ್ಣ ಪಾಲು. ಲೆಕ್ಕ ಹಾಕಿದರೆ ಒಟ್ಟು ಬಿಸಿಲಿನಲ್ಲಿ ಯುವಿ-ಬಿಯ ಭಾಗ ಸಾವಿರಕ್ಕೆ ಎರಡು ಮೂರರಷ್ಟಾಗುತ್ತದೆ, ಮತ್ತು ವಿಟಮಿನ್ ಡಿ ತಯಾರಿಕೆ ನಿಂತಿರುವುದು ಈ ಚೂರಿನ ಮೇಲೆಯೇ. ಬಟ್ಟೆ ಬಿಳಿಯೋ ಕಪ್ಪೋ ಎಂದು ನಮ್ಮ ಕಣ್ಣು ತೀರ್ಮಾನಿಸುವುದು ಕಾಣುವ ಬೆಳಕಿನ ಆಧಾರದ ಮೇಲೆ; ಅದೇ ಬಟ್ಟೆ ಅತಿನೇರಳೆಯಲ್ಲಿ ಹೇಗೆ ವರ್ತಿಸುತ್ತದೆ, ಅವಕೆಂಪಿನಲ್ಲಿ ಹೇಗೆ ವರ್ತಿಸುತ್ತದೆ ಎಂಬುದನ್ನು ಕಣ್ಣು ತಿಳಿಸಲಾರದು. ಬಟ್ಟೆ ಮತ್ತು ಬಿಸಿಲಿನ ಬಗ್ಗೆ ನಾನು ಕೇಳುವ ಗೊಂದಲಗಳಲ್ಲಿ ಹೆಚ್ಚಿನವು ಈ ಮೂರನ್ನೂ ಒಂದೇ ಎಂದು ಎಣಿಸುವುದರಿಂದ ಹುಟ್ಟಿದವು.

ಚರ್ಮದ ಹೊರಪದರದಲ್ಲಿ 7-ಡಿಹೈಡ್ರೊಕೊಲೆಸ್ಟೆರಾಲ್ ಎಂಬ ವಸ್ತು ಇರುತ್ತದೆ. 290ರಿಂದ 315 ನ್ಯಾನೋಮೀಟರಿನ ಯುವಿ-ಬಿ ಬಿದ್ದಾಗ ಅದರ ಅಣುವಿನ ಒಂದು ಉಂಗುರ ಬಿಚ್ಚಿಕೊಂಡು ವಿಟಮಿನ್ ಡಿಯ ಪೂರ್ವರೂಪ ಉಂಟಾಗುತ್ತದೆ. ಮೈಯ ಬಿಸುಪಿನಲ್ಲಿ ಅದು ನಿಧಾನವಾಗಿ ವಿಟಮಿನ್ ಡಿ3 ಆಗಿ ಬದಲಾಗಿ ರಕ್ತಕ್ಕೆ ಸೇರುತ್ತದೆ. ಆಮೇಲೆ ಯಕೃತ್ತು ಮತ್ತು ಮೂತ್ರಪಿಂಡಗಳು ಅದನ್ನು ಬಳಕೆಗೆ ಬರುವ ರೂಪಕ್ಕೆ ತರುತ್ತವೆ. ನಿಮ್ಮ ರಕ್ತಪರೀಕ್ಷೆ ಅಳೆದಿರುವುದು ಯಕೃತ್ತಿನಲ್ಲಿ ಸಿದ್ಧವಾಗುವ ರೂಪವನ್ನು. ಹೆಚ್ಚು ಹೊತ್ತು ಬಿಸಿಲಿಗೆ ನಿಂತರೆ ಪೂರ್ವರೂಪವೇ ನಿಷ್ಕ್ರಿಯ ವಸ್ತುಗಳಾಗಿ ಒಡೆಯುತ್ತ ಹೋಗುವುದರಿಂದ, ಬಿಸಿಲಿನಿಂದ ವಿಟಮಿನ್ ಡಿ ಮಿತಿಮೀರಿ ವಿಷವಾಗುವ ಭಯವಿಲ್ಲ. ಹಾಗೆಯೇ ಎರಡು ಗಂಟೆ ನಿಂತವನಿಗೆ ಅರ್ಧ ಗಂಟೆ ನಿಂತವನ ನಾಲ್ಕು ಪಟ್ಟು ಸಿಗುತ್ತದೆ ಎಂಬ ಲೆಕ್ಕವೂ ನಡೆಯುವುದಿಲ್ಲ.

ಬಟ್ಟೆಯ ಮೂಲಕ ಇದು ನಡೆಯುತ್ತದೆಯೇ ಎಂಬುದನ್ನು ನೇರವಾಗಿ ಪರೀಕ್ಷಿಸಿದ ಅಮೆರಿಕದ ಅಧ್ಯಯನವೊಂದು 1992ರಲ್ಲಿ ಪ್ರಕಟವಾಯಿತು. ಹತ್ತಿ, ಉಣ್ಣೆ, ಪಾಲಿಯೆಸ್ಟರ್, ಕಪ್ಪು ಮತ್ತು ಬಿಳಿ ಎರಡನ್ನೂ ತೆಗೆದುಕೊಂಡು ನೋಡಿದಾಗ, ಸಾಮಾನ್ಯ ಉಡುಪು ತೊಟ್ಟವರ ಮೈಮೇಲೆ ಯುವಿ-ಬಿ ಹಾಯಿಸಿದರೂ ರಕ್ತದ ವಿಟಮಿನ್ ಡಿ3 ಏರಲಿಲ್ಲ. ಬಿಳಿ ಹತ್ತಿ ಕಪ್ಪು ಉಣ್ಣೆಗಿಂತ ಹೆಚ್ಚು ಕಿರಣ ಬಿಟ್ಟುಕೊಡುತ್ತದೆ ಎಂಬುದು ನಿಜ, ಆದರೆ ಆ ಹೆಚ್ಚಳವೂ ಕೆಲಸಕ್ಕೆ ಸಾಲಲಿಲ್ಲ. ಗಮನಿಸಿ: ಬಣ್ಣದ ವ್ಯತ್ಯಾಸ ಇರುವುದೇ ಆದರೆ ಅದು ನೀವು ಊಹಿಸಿದ್ದಕ್ಕೆ ತದ್ವಿರುದ್ಧ ದಿಕ್ಕಿನಲ್ಲಿದೆ. ನೀವು ಕಪ್ಪಿಗೆ ಬದಲಾದರೆ ಈಗ ಅಲ್ಪಸ್ವಲ್ಪ ದಾಟಿ ಬರುತ್ತಿರುವುದೂ ಇನ್ನಷ್ಟು ಕಡಿಮೆಯಾಗುತ್ತದೆ.

ಇನ್ನು ಹೊತ್ತಿನ ವಿಚಾರ. ಎಳೆಬಿಸಿಲು ಮೈಗೆ ಒಳ್ಳೆಯದು, ಎಳೆಬಿಸಿಲಿನಲ್ಲಿ ವಿಟಮಿನ್ ಡಿ ಇದೆ ಎಂಬ ಮಾತನ್ನು ನಮ್ಮಲ್ಲಿ ಹಸುಗೂಸಿಗೆ ಎಣ್ಣೆಯೊತ್ತುವ ಅಜ್ಜಿಯಿಂದ ಹಿಡಿದು ಲಾಲ್‌ಬಾಗಿನ ಬಂಡೆಯ ಮೇಲೆ ಕೂತ ನಿವೃತ್ತರವರೆಗೆ ಎಲ್ಲರೂ ಹೇಳುತ್ತಾರೆ. ಅದರ ಮೊದಲರ್ಧಕ್ಕೆ ನನ್ನ ತಕರಾರಿಲ್ಲ. ನಡಿಗೆ, ತಂಪು ಗಾಳಿ, ನಿದ್ದೆಯ ಗಡಿಯಾರ ಸರಿಹೋಗುವುದು, ಎಲ್ಲವೂ ಸರಿಯೇ. ಎರಡನೆಯ ಅರ್ಧ ಮಾತ್ರ ನಿಲ್ಲುವುದಿಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ತಿಂಗಳ ಬೆಳಿಗ್ಗೆ ಏಳು ಗಂಟೆಗೆ ಸೂರ್ಯ ದಿಗಂತದಿಂದ ಸುಮಾರು 12 ಡಿಗ್ರಿ ಮಾತ್ರ ಮೇಲಿರುತ್ತಾನೆ, ಡಿಸೆಂಬರಿನಲ್ಲಾದರೆ 4 ಡಿಗ್ರಿ. 12 ಡಿಗ್ರಿಯಿದ್ದಾಗ ಕಿರಣಗಳು ನೆತ್ತಿಯ ಮೇಲಿನಿಂದ ಬರುವಾಗಿನದಕ್ಕಿಂತ ನಾಲ್ಕೈದು ಪಟ್ಟು ದಪ್ಪನೆಯ ವಾಯುಮಂಡಲವನ್ನೂ ಓಝೋನನ್ನೂ ಹಾದು ಬರಬೇಕಾಗುತ್ತದೆ, ಮತ್ತು ಓಝೋನ್ ಮೊದಲು ತಿಂದುಹಾಕುವುದು ಯುವಿ-ಬಿಯನ್ನೇ. ಹೀಗಾಗಿ ಆ ಹೊತ್ತಿನಲ್ಲಿ ನೀವು ಬರಿಮೈಯಲ್ಲಿ ನಡೆದರೂ ವಿಟಮಿನ್ ಡಿ ಲೆಕ್ಕಕ್ಕೆ ಸಿಗುವಷ್ಟು ತಯಾರಾಗುವುದಿಲ್ಲ. ಅಲ್ಲದೆ ಕಬ್ಬನ್ ಪಾರ್ಕಿನ ಮರಗಳ ನೆರಳನ್ನು ನಾನು ಇನ್ನೂ ಲೆಕ್ಕಕ್ಕೇ ತೆಗೆದುಕೊಂಡಿಲ್ಲ.

ಬೆಳಿಗ್ಗೆ ಹತ್ತಕ್ಕೆ ಚಿತ್ರ ಬೇರೆ. ಆಗ ಏಪ್ರಿಲ್‌ನಲ್ಲಿ ಸೂರ್ಯ 56 ಡಿಗ್ರಿಯ ಸುಮಾರಿಗೆ, ಡಿಸೆಂಬರ್‌ನಲ್ಲಿಯೂ 40ರ ಸುಮಾರಿಗೆ ಏರಿರುತ್ತಾನೆ. ನಮ್ಮ ಊರು 13 ಡಿಗ್ರಿ ಅಕ್ಷಾಂಶದಲ್ಲಿದ್ದು, ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬಂದು ಕಂಬಗಳ ನೆರಳೇ ಮಾಯವಾಗುತ್ತದೆ; ವರ್ಷದಲ್ಲಿ ಅತಿ ತಗ್ಗಿರುವ ಡಿಸೆಂಬರ್ 21ರ ನಡುಹಗಲಿನಲ್ಲಿಯೂ ಸೂರ್ಯ 53 ಡಿಗ್ರಿಗಿಂತ ಮೇಲೆ ಇರುತ್ತಾನೆ. ಅದರ ಮೇಲೆ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ, ಮತ್ತು ಸಾವಿರ ಮೀಟರಿಗೆ ಅತಿನೇರಳೆ ಶೇಕಡಾ 10ರಿಂದ 12ರಷ್ಟು ಹೆಚ್ಚುವುದರಿಂದ, ಗಾಳಿ ತಂಪಾಗಿದೆ ಎಂದು ಮಂಗಳೂರಿಗಿಂತ ಇಲ್ಲಿನ ಬಿಸಿಲು ಸೌಮ್ಯವೆಂದು ಭಾವಿಸುವುದು ಸರಿಯಲ್ಲ. ಉಪಕರಣ ಬೇಡದ ಒಂದು ಅಳತೆಯಿದೆ: ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಸೂರ್ಯ 45 ಡಿಗ್ರಿಗಿಂತ ಮೇಲಿದ್ದಾನೆ, ಯುವಿ-ಬಿ ಸಾಕಷ್ಟಿದೆ, ನೆರಳು ನಿಮಗಿಂತ ಉದ್ದವಾಗಿದ್ದರೆ ಕಡಿಮೆ. ಬೆಂಗಳೂರಿನಲ್ಲಿ ವರ್ಷದ ಯಾವ ದಿನವೂ ನಡುಹಗಲಿನಲ್ಲಿ ಈ ಷರತ್ತು ಪೂರೈಸುತ್ತದೆ. ಉತ್ತರ ಯೂರೋಪಿನವರಿಗೆ ಚಳಿಗಾಲದಲ್ಲಿ ಈ ಅನುಕೂಲವಿಲ್ಲ. ನಮಗೆ ಇದ್ದೂ, ನಡುಹಗಲನ್ನು ಗಾಜಿನ ಕಟ್ಟಡಗಳಲ್ಲಿ ಕಳೆಯುತ್ತೇವೆ. ಕಿಟಕಿಯ ಗಾಜು ಯುವಿ-ಬಿಯನ್ನು ತಡೆದು ಯುವಿ-ಎಯ ಬಹುಭಾಗವನ್ನು ಒಳಬಿಡುವುದರಿಂದ, ಕಚೇರಿಯ ಕಿಟಕಿಯ ಪಕ್ಕದ ಆಸನ ಚರ್ಮಕ್ಕೆ ಸುಕ್ಕನ್ನು ಕೊಡಬಹುದೇ ಹೊರತು ವಿಟಮಿನ್ನನ್ನಲ್ಲ.

ಈಗ ನನ್ನ ಕಸುಬಿನ ವಿಷಯಕ್ಕೆ ಬರುತ್ತೇನೆ. ಬಟ್ಟೆ ಎಷ್ಟು ಅತಿನೇರಳೆ ತಡೆಯುತ್ತದೆ ಎಂಬುದನ್ನು ಯುಪಿಎಫ್ ಎಂಬ ಸಂಖ್ಯೆಯಲ್ಲಿ ಹೇಳುತ್ತಾರೆ. ಇದಕ್ಕೊಂದು ಮಾನಕವನ್ನು ಮೊದಲು ರೂಪಿಸಿದ್ದು 1996ರಲ್ಲಿ, ಚರ್ಮದ ಕ್ಯಾನ್ಸರಿನ ಕಾಟ ವಿಪರೀತವಾಗಿರುವ ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್. ಬಟ್ಟೆಯ ತುಂಡನ್ನು ಯಂತ್ರದ ಕಿಂಡಿಗೆ ಹಿಡಿದು 290ರಿಂದ 400 ನ್ಯಾನೋಮೀಟರಿನವರೆಗೆ ಒಂದೊಂದು ತರಂಗದೂರದಲ್ಲಿಯೂ ಎಷ್ಟು ಬೆಳಕು ದಾಟಿತು ಎಂದು ಅಳೆದು, ಚರ್ಮವನ್ನು ಕೆಂಪಾಗಿಸುವಲ್ಲಿ ಯಾವ ಕಿರಣಕ್ಕೆ ಎಷ್ಟು ಬಲ ಎಂಬ ತೂಕವನ್ನು ಕೊಟ್ಟು ಕೂಡಿಸುತ್ತೇವೆ. ಯುಪಿಎಫ್ 50 ಎಂದರೆ ಐವತ್ತರಲ್ಲಿ ಒಂದು ಪಾಲು, ಶೇಕಡಾ 2, ದಾಟುತ್ತದೆ ಎಂದರ್ಥ. ಗ್ರಾಹಕರು ಮೊದಲು ಕೇಳುವುದು ಬಣ್ಣವನ್ನು, ಆಮೇಲೆ ಹತ್ತಿಯೋ ಪಾಲಿಯೆಸ್ಟರೋ ಎಂಬುದನ್ನು. ನಾವು ಮೊದಲು ನೋಡುತ್ತಿದ್ದುದು ನೇಯ್ಗೆಯ ರಂಧ್ರಗಳನ್ನು.

ಹಾಸು ಹೊಕ್ಕುಗಳ ನಡುವಿನ ತೂತುಗಳು ಬಟ್ಟೆಯ ವಿಸ್ತೀರ್ಣದ ಶೇಕಡಾ 5ರಷ್ಟಿವೆ ಎಂದಿಟ್ಟುಕೊಳ್ಳಿ. ನೂಲು ಕಬ್ಬಿಣದ್ದೇ ಆಗಿರಲಿ, ಆ ತೂತುಗಳಿಂದ ಶೇಕಡಾ 5 ದಾಟಿಯೇ ತೀರುತ್ತದೆ. ಆದ್ದರಿಂದ ಅಂಥ ಬಟ್ಟೆಯ ಯುಪಿಎಫ್ 20ನ್ನು ಮೀರಲು ಸಾಧ್ಯವಿಲ್ಲ. ತೂತು ಶೇಕಡಾ 2 ಇದ್ದರೆ ಮೇಲ್ಮಿತಿ 50. ಬಟ್ಟೆಯನ್ನು ಬೆಳಕಿಗೆ ಹಿಡಿದು ಆಚೆಯ ಕಿಟಕಿಯ ಸರಳುಗಳು ಕಾಣುತ್ತವೆಯೇ ಎಂದು ನೋಡುವ ಚಿಕ್ಕಪೇಟೆಯ ಹಳೆಯ ಗಿರಾಕಿಗಳ ಕ್ರಮ ಈ ಕಾರಣಕ್ಕೆ ಅಷ್ಟೇನೂ ಅವೈಜ್ಞಾನಿಕವಲ್ಲ. ಮಲ್ಮಲ್, ವಾಯಿಲ್‌ಗಳಂಥ ತೆಳು ಹತ್ತಿ ಈ ಪರೀಕ್ಷೆಯಲ್ಲಿ ಸೋಲುತ್ತದೆ. ತೆಳುವಾದ ಬಿಳಿ ಹತ್ತಿ ಟೀ ಶರ್ಟಿನ ಯುಪಿಎಫ್ ಸಾಮಾನ್ಯವಾಗಿ 5ರಿಂದ 8ರೊಳಗೆ ಬರುತ್ತದೆ, ಎಂದರೆ ಆರರಲ್ಲಿ ಏಳರಲ್ಲಿ ಒಂದು ಪಾಲು ಒಳಗೆ ಬರುತ್ತದೆ. ಅದೇ ಟೀ ಶರ್ಟು ಬೆವರಿನಲ್ಲಿ ತೊಯ್ದರೆ ನೂಲಿನೊಳಗಿನ ಗಾಳಿಯ ಜಾಗವನ್ನು ನೀರು ತುಂಬಿ, ಬೆಳಕು ಚದುರುವುದು ಕಡಿಮೆಯಾಗಿ, ಸಂಖ್ಯೆ ಇನ್ನೂ ಇಳಿಯುತ್ತದೆ. ಒದ್ದೆಯಾದ ಬಿಳಿ ಅಂಗಿಯಲ್ಲಿ ಮೈ ಕಾಣುವುದೂ ಇದೇ ಕಾರಣಕ್ಕೆ. ಮೈಗಂಟುವ ಹೆಣಿಗೆ ಬಟ್ಟೆ ಒಂದು ಅಳತೆ ಚಿಕ್ಕದಾದರೆ ಹಿಗ್ಗಿ ತೂತುಗಳು ತೆರೆದುಕೊಳ್ಳುತ್ತವೆ. ಜೀನ್ಸ್ ಬಟ್ಟೆಯಾದರೋ ದಟ್ಟ ನೇಯ್ಗೆ, ದಪ್ಪ ನೂಲು, ಗಾಢ ನೀಲಿ ಮೂರೂ ಕೂಡಿರುವುದರಿಂದ ಅದರ ಮೂಲಕ ಏನೂ ಬರುವುದಿಲ್ಲ ಎಂದೇ ತಿಳಿಯಬಹುದು.

ತೂತುಗಳಾದ ಮೇಲೆ ನೂಲಿನ ಗುಣ. ಪಾಲಿಯೆಸ್ಟರಿನ ಅಣುಗಳಲ್ಲಿ ಬೆಂಜೀನ್ ಉಂಗುರಗಳಿರುವುದರಿಂದ ಅದು ಯುವಿ-ಬಿಯನ್ನು ಚೆನ್ನಾಗಿ ಹೀರುತ್ತದೆ, ಯುವಿ-ಎಯನ್ನು ಅಷ್ಟಾಗಿ ಹೀರುವುದಿಲ್ಲ. ಹತ್ತಿಯ ಸೆಲ್ಯುಲೋಸ್ ಎರಡಕ್ಕೂ ಬಹುಮಟ್ಟಿಗೆ ಪಾರದರ್ಶಕ. ಆದರೆ ಬಿಳುಪುಗೊಳಿಸದ, ಕೋರಾ ಹತ್ತಿಯಲ್ಲಿ ಉಳಿದಿರುವ ಸಹಜ ವರ್ಣದ್ರವ್ಯಗಳು ಒಂದಿಷ್ಟು ತಡೆಯುತ್ತವೆ. ಆದ್ದರಿಂದ ಮಾಸಲು ಬಣ್ಣದ ದಪ್ಪ ಖಾದಿ ಜುಬ್ಬಾ, ಬೆಳ್ಳಗೆ ಹೊಳೆಯುವ ತೆಳು ಅಂಗಿಗಿಂತ ಒಳ್ಳೆಯ ಕೊಡೆ. ಬಣ್ಣ ಕಟ್ಟುವ ರಾಸಾಯನಿಕಗಳಲ್ಲಿ ಬಹಳಷ್ಟು ಅತಿನೇರಳೆಯನ್ನೂ ಹೀರುವುದರಿಂದ ಗಾಢ ಬಣ್ಣದ ಬಟ್ಟೆ ಅದೇ ನೇಯ್ಗೆಯ ಬಿಳಿ ಬಟ್ಟೆಗಿಂತ ಹೆಚ್ಚು ರಕ್ಷಿಸುತ್ತದೆ. ಹೊಸ ಹತ್ತಿಬಟ್ಟೆಯನ್ನು ಕೆಲವು ಸಲ ಒಗೆದರೆ ನೂಲು ಕುಗ್ಗಿ ತೂತು ಕಿರಿದಾಗಿ ರಕ್ಷಣೆ ಹೆಚ್ಚುತ್ತದೆ. ಬಟ್ಟೆಯನ್ನು ಬೆಳ್ಳಗೆ ಕಾಣಿಸಲು ಸೋಪಿನ ಪುಡಿಗಳಲ್ಲಿ ಬೆರೆಸುವ ಹೊಳಪುಕಾರಕಗಳೂ ಅತಿನೇರಳೆಯನ್ನು ಹೀರಿ ಅದನ್ನು ನೀಲಿ ಬೆಳಕಾಗಿ ಹೊರಸೂಸುವಂಥವೇ ಆದ್ದರಿಂದ, ಒಗೆತದಿಂದ ಅಲ್ಪ ಲಾಭ ಅಲ್ಲಿಂದಲೂ ಬರುತ್ತದೆ.

ಹಾಗಾದರೆ ಆರರಲ್ಲಿ ಒಂದು ಪಾಲು ದಾಟುವ ಬಟ್ಟೆಯಲ್ಲಿ ಆರು ಪಟ್ಟು ಹೊತ್ತು ನಿಂತರೆ ವಿಟಮಿನ್ ಡಿ ಸಿಗಬೇಕಲ್ಲ ಎಂದು ನೀವು ಕೇಳಬಹುದು. ಕಾಗದದ ಮೇಲೆ ಸರಿ. ನಿಜದಲ್ಲಿ ಯುವಿ-ಬಿ ಬಲವಾಗಿರುವ ಹೊತ್ತೇ ನಾಲ್ಕೈದು ಗಂಟೆ. ಅಷ್ಟು ಹೊತ್ತಿನಲ್ಲಿ ಮುಚ್ಚದ ಮುಖ, ಕುತ್ತಿಗೆ, ಕೈಗಳು ಪೂರ್ತಿ ಪೆಟ್ಟು ತಿಂದಿರುತ್ತವೆ. ಮೇಲಾಗಿ ನಮ್ಮ ಚರ್ಮದಲ್ಲೇ ಒಂದು ಬಟ್ಟೆಯಿದೆ: ಮೆಲನಿನ್. ಅದು ಇದೇ ಯುವಿ-ಬಿಗಾಗಿ ಪೈಪೋಟಿ ನಡೆಸುವುದರಿಂದ ಕಂದು ಚರ್ಮದವರಿಗೆ ಬಿಳಿಯರಿಗಿಂತ ಹೆಚ್ಚು ಹೊತ್ತು ಬೇಕಾಗುತ್ತದೆ. ಅದರ ಮೇಲೆ ಇನ್ನೊಂದು ಪದರ ಹೊದಿಸಿ, ಸೋರಿ ಬಂದಷ್ಟನ್ನು ನಂಬಿಕೊಂಡಿರುವುದು ಕೂಡಿಬರುವ ಲೆಕ್ಕವಲ್ಲ.

ಶಾಖದ ಲೆಕ್ಕಕ್ಕೆ ಬಂದರೆ, ನೀವು ಶಾಲೆಯಲ್ಲಿ ಕಲಿತದ್ದು ಅಲ್ಲಿ ಸಲ್ಲುತ್ತದೆ, ಆದರೆ ಪೂರ್ತಿಯಾಗಿಯಲ್ಲ. ಬೆಂಜಮಿನ್ ಫ್ರಾಂಕ್ಲಿನ್ 1761ರ ಪತ್ರವೊಂದರಲ್ಲಿ, ಹಿಮದ ಮೇಲೆ ಬೇರೆ ಬೇರೆ ಬಣ್ಣದ ಬಟ್ಟೆಯ ತುಂಡುಗಳನ್ನು ಬಿಸಿಲಿಗೆ ಹರವಿದಾಗ ಕಪ್ಪು ತುಂಡು ಎಲ್ಲಕ್ಕಿಂತ ಆಳಕ್ಕಿಳಿದು, ಬಿಳಿಯದು ಇಳಿಯದೆ ಉಳಿದದ್ದನ್ನು ವಿವರಿಸಿದ್ದಾನೆ. ಅಲ್ಲಿ ಬಟ್ಟೆ ಹಿಮಕ್ಕೆ ಅಂಟಿಕೊಂಡಿತ್ತು. ಮೈಯಿಂದ ದೂರ ನಿಲ್ಲುವ ಬಟ್ಟೆಯ ಕಥೆ ಬೇರೆ ಎಂಬುದನ್ನು 1980ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದು ತೋರಿಸಿತು. ಮರುಭೂಮಿಯ ಬೆಡೂಯಿನ್ ಜನ ಕಪ್ಪು ನಿಲುವಂಗಿ ಏಕೆ ತೊಡುತ್ತಾರೆ ಎಂದು ಪರೀಕ್ಷಿಸಿದಾಗ, ಕಪ್ಪಂಗಿಯ ಹೊರಮೈ ಬಿಳಿಯದಕ್ಕಿಂತ ಹೆಚ್ಚು ಕಾದರೂ ಒಳಗಿನ ಮನುಷ್ಯನಿಗೆ ತಲುಪಿದ ಶಾಖ ಎರಡರಲ್ಲೂ ಒಂದೇ ಆಗಿತ್ತು. ಹೆಚ್ಚುವರಿ ಶಾಖ ಚರ್ಮ ಮುಟ್ಟುವ ಮೊದಲೇ ಗಾಳಿಗೆ ಹೋಗುತ್ತಿತ್ತು. ಅಂಗಿಯ ಸಡಿಲತೆ ಅದರ ಬಣ್ಣದಷ್ಟೇ ಮುಖ್ಯವೆಂಬುದು ಇದರ ತಾತ್ಪರ್ಯ. ಮೈಗಂಟಿದ ಕಪ್ಪು ಟೀ ಶರ್ಟಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ.

ಇನ್ನೊಂದು ಸೋಜಿಗವನ್ನು ಹೇಳದೆ ಮುಂದೆ ಹೋಗಲಾರೆ. ಕಣ್ಣಿಗೆ ಕಡುಗಪ್ಪಾಗಿ ಕಾಣುವ ಅನೇಕ ಬಟ್ಟೆಗಳು ಸಮೀಪದ ಅವಕೆಂಪಿನಲ್ಲಿ ಕಪ್ಪಾಗಿರುವುದೇ ಇಲ್ಲ. ಅವುಗಳಿಗೆ ಹಾಕಿದ ಬಣ್ಣ ಆ ಕಿರಣಗಳನ್ನು ಹೀರದೆ ಬಿಟ್ಟುಬಿಡುತ್ತದೆ. ಅವಕೆಂಪು ದೀಪದ ಕಾವಲು ಕ್ಯಾಮರಾದ ರಾತ್ರಿ ಚಿತ್ರಗಳಲ್ಲಿ ಕಪ್ಪು ಪ್ಯಾಂಟು ತೊಟ್ಟವನು ಬಿಳಿ ಪ್ಯಾಂಟಿನವನಂತೆ ಕಾಣುವುದನ್ನು ನೀವು ನೋಡಿರಬಹುದು. ಬಿಸಿಲಿನ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ಅವಕೆಂಪಿನಲ್ಲಿರುವುದರಿಂದ, ಒಂದೇ ಅಂಗಡಿಯ ಎರಡು ಕಪ್ಪು ಅಂಗಿಗಳು ಬಿಸಿಲಿನಲ್ಲಿ ಒಂದೇ ಸಮನೆ ಕಾಯಬೇಕೆಂದಿಲ್ಲ. ಕಪ್ಪು ಬಟ್ಟೆ ಶಾಖವನ್ನು ಬೇಗ ಹೊರಸೂಸಿ ತಂಪಾಗುತ್ತದೆ ಎಂಬ ವಾದವನ್ನೂ ಕೆಲವರು ಮಾಡುತ್ತಾರೆ. ನಮ್ಮ ಮೈ ಶಾಖವನ್ನು ಹೊರಸೂಸುವ ದೂರದ ಅವಕೆಂಪಿನಲ್ಲಿ ಬಿಳಿ, ಕಪ್ಪು, ಕೆಂಪು ಎಲ್ಲ ಬಟ್ಟೆಗಳೂ ಹೆಚ್ಚುಕಡಿಮೆ ಸಮಾನವಾದ್ದರಿಂದ ಆ ವಾದದಲ್ಲಿ ಹುರುಳಿಲ್ಲ.

ಕಲಬುರಗಿ, ರಾಯಚೂರು ಕಡೆಯಿಂದ ಬಂದು ಬೆಂಗಳೂರಿನ ಕಟ್ಟಡಗಳಲ್ಲಿ ದುಡಿಯುವ ಹೆಣ್ಣುಮಕ್ಕಳು ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ಹಾಕಿ, ತಲೆಗೆ ವಸ್ತ್ರ ಸುತ್ತಿಕೊಳ್ಳುವುದನ್ನು ನೋಡಿ, ಈ ಬಿಸಿಲಿನಲ್ಲಿ ಇಷ್ಟೊಂದು ಬಟ್ಟೆಯೇ ಎಂದು ಅಚ್ಚರಿಪಡುವವರಿದ್ದಾರೆ. ನಿರಭ್ರ ಮಧ್ಯಾಹ್ನದಲ್ಲಿ ಒಂದು ಚದರ ಮೀಟರಿಗೆ ಸುಮಾರು 1000 ವ್ಯಾಟ್ ಬಿಸಿಲು ಬೀಳುತ್ತದೆ. ವಿಶ್ರಾಂತಿಯಲ್ಲಿರುವ ದೇಹ ತಾನೇ ಉತ್ಪಾದಿಸುವ ಶಾಖ 100 ವ್ಯಾಟಿನ ಆಸುಪಾಸು. ಬಿಸಿಲನ್ನು ಚರ್ಮಕ್ಕಿಂತ ಒಂದೆರಡು ಅಂಗುಲ ಆಚೆಯೇ ನಿಲ್ಲಿಸುವ ಸಡಿಲ ಹತ್ತಿಯಂಗಿ ಆ ಹೊರೆಯನ್ನು ಇಳಿಸುತ್ತದೆ, ಬೆವರನ್ನು ಹೀರಿ ಹರಡಿ ಆರಿಸುತ್ತದೆ. ಒಂದು ಲೀಟರ್ ಬೆವರು ಆರುವಾಗ ಸುಮಾರು 2400 ಕಿಲೋಜೌಲ್ ಶಾಖವನ್ನು ಒಯ್ಯುತ್ತದೆ. ಗಾಳಿ ಸುಳಿಯಲು ಜಾಗವಿರುವವರೆಗೆ ಆ ಎರಡನೆಯ ಪದರ ಅವರಿಗೆ ನೆರಳೇ ಆಗಿದೆ.

ಸ್ಕೂಟರಿನಲ್ಲಿ ಓಡಾಡುವಾಗ ಮುಖಕ್ಕೆ ಸುತ್ತುವ ದುಪಟ್ಟಾದ ಬಗ್ಗೆಯೂ ನೀವು ಕೊನೆಯಲ್ಲಿ ಕೇಳಿದ್ದೀರಿ. ತೆಳು ಶಿಫಾನ್ ಧೂಳನ್ನು ತಡೆದೀತು. ಅತಿನೇರಳೆಯನ್ನು ಅರೆಬರೆ ಮಾತ್ರ. ಬಂಗು ಇರುವವರು ವಿಶೇಷವಾಗಿ ತಿಳಿಯಬೇಕಾದದ್ದೆಂದರೆ, ನಮ್ಮಂಥ ಕಂದು ಚರ್ಮದಲ್ಲಿ ಕಾಣುವ ಬೆಳಕೂ ಬಂಗನ್ನು ಕಪ್ಪಾಗಿಸುತ್ತದೆ. ಅವರಿಗೆ ಬೇಕಾದದ್ದು ಬೆಳಕೇ ತೂರದಂಥ ದಟ್ಟ ಬಟ್ಟೆ. ಕೊಡೆ ನೇರ ಬಿಸಿಲನ್ನು ತಡೆದರೂ ಅತಿನೇರಳೆ ಆಕಾಶದ ಎಲ್ಲ ಕಡೆಯಿಂದಲೂ ಚದುರಿ ಬರುವುದರಿಂದ ಪಕ್ಕಗಳಿಂದ ಸಾಕಷ್ಟು ಒಳಬರುತ್ತದೆ. ಜೂನ್, ಜುಲೈಯ ತೆಳುಮೋಡವನ್ನು ನಂಬುವುದಕ್ಕೂ ಇದೇ ಉತ್ತರ.

ನಿಮಗೆ ನನ್ನ ಸಲಹೆ ಇಷ್ಟು. ಬೆಳಗಿನ ನಡಿಗೆಯನ್ನು ಹಾಗೆಯೇ ಇಟ್ಟುಕೊಳ್ಳಿ, ಅದರಿಂದ ವಿಟಮಿನ್ ಡಿ ನಿರೀಕ್ಷಿಸಬೇಡಿ. ವಾರದಲ್ಲಿ ಕೆಲವು ದಿನ, ಹತ್ತರಿಂದ ಮೂರರ ನಡುವೆ, ನೆರಳು ಗಿಡ್ಡವಾಗಿರುವ ಹೊತ್ತಿನಲ್ಲಿ ತೋಳನ್ನು ಮೊಣಕೈಯ ಮೇಲಕ್ಕೆ ಮಡಚಿ, ಸಾಧ್ಯವಾದರೆ ಮೊಣಕಾಲಿನ ಕೆಳಗೂ ಮುಚ್ಚದೆ ಬಿಟ್ಟು, ಮುಖ ಮತ್ತು ತಲೆಯನ್ನು ಅಗಲ ಅಂಚಿನ ಟೋಪಿಯಿಂದ ಮುಚ್ಚಿ ಸ್ವಲ್ಪ ಹೊತ್ತು ಹೊರಗಿರಿ. ಕಂದು ಚರ್ಮ ಕೆಂಪಾಗುವುದು ಬೇಗ ಕಣ್ಣಿಗೆ ಕಾಣುವುದಿಲ್ಲವಾದ್ದರಿಂದ ಉರಿ ಬರುವವರೆಗೆ ಕಾಯಬಾರದು. ವೈದ್ಯರು ಗುಳಿಗೆ ಬರೆದಿದ್ದರೆ ಅದನ್ನು ನಿಲ್ಲಿಸಿ ಬಿಸಿಲಿಗೆ ಬದಲಾಗಬೇಡಿ. ಡಾಕ್ಸಿಸೈಕ್ಲಿನ್‌ನಂಥ, ಚರ್ಮವನ್ನು ಬಿಸಿಲಿಗೆ ಸೂಕ್ಷ್ಮವಾಗಿಸುವ ಔಷಧಿ ತೆಗೆದುಕೊಳ್ಳುತ್ತಿದ್ದರೆ, ಅಥವಾ ಲೂಪಸ್‌ನಂಥ ಕಾಯಿಲೆ ಇದ್ದರೆ, ಈ ಪ್ಯಾರಾದಲ್ಲಿ ಹೇಳಿದ್ದು ನಿಮಗೆ ಅನ್ವಯಿಸುವುದಿಲ್ಲ. ಅಂಥವರು ಮೇಲೆ ವಿವರಿಸಿದ ದಟ್ಟ ನೇಯ್ಗೆ, ಗಾಢ ಬಣ್ಣ, ತುಂಬುತೋಳುಗಳನ್ನೇ ಉಟ್ಟು, ವಿಟಮಿನ್ನನ್ನು ಔಷಧಿ ಅಂಗಡಿಯಿಂದ ಪಡೆಯುವುದು ಕ್ಷೇಮ.